ಗರ್ಭಕೋಶ ತೆಗೆಸಲೇಬೇಕಾ? ಜಾಸ್ತಿ ಬ್ಲೀಡಿಂಗ್, ಕೆಳಹೊಟ್ಟೆ ನೋವಿಗೆ ದೊಡ್ಡ ಗಾಯವಿಲ್ಲದ ಚಿಕಿತ್ಸೆಗಳು

"ಗರ್ಭಕೋಶ ತೆಗೆಸಿಬಿಡಿ ಅಂದಿದ್ದಾರೆ, ಬೇರೆ ದಾರಿನೇ ಇಲ್ವಾ?" ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಅದರ ಹಿಂದೆಯೇ ಇನ್ನೊಂದು ಬರುತ್ತದೆ, "ಒಳಗಿನ ಪದರ ಸುಟ್ಟರೆ ಎಲ್ಲ ಸರಿಹೋಗುತ್ತಂತೆ, ಹೌದಾ?"

ಬೇರೆ ದಾರಿ ಇದೆ. ಬಹಳ ಸಲ ಒಂದಲ್ಲ, ನಾಲ್ಕೈದು ಇರುತ್ತವೆ. ಆದರೆ ಅದರಲ್ಲಿ ನಿಮ್ಮದು ಯಾವುದು ಅನ್ನುವುದು ರಕ್ತ ಯಾಕೆ ಹೋಗುತ್ತಿದೆ, ನೋವು ಯಾಕೆ ಬರುತ್ತಿದೆ ಅನ್ನುವುದರ ಮೇಲೆ ನಿಂತಿದೆ, ಮತ್ತು ಎರಡಕ್ಕೂ ಕಾರಣ ಒಂದೇ ಆಗಿರಬೇಕು ಅಂತೇನೂ ಇಲ್ಲ. ರಕ್ತ ನಿಲ್ಲಿಸುವ ಚಿಕಿತ್ಸೆ ನೋವನ್ನು ಹಾಗೇ ಬಿಟ್ಟುಬಿಡಬಹುದು. ಕೆಲವರಲ್ಲಿ ನೋವು ಇನ್ನೂ ಹೆಚ್ಚೇ ಆಗುತ್ತದೆ. ಹಾಗಾಗಿ ಈ ಲೇಖನದಲ್ಲಿ ಆಪರೇಷನ್‌ಗಳ ಹೆಸರು ಹೇಳುವುದಕ್ಕೆ ಮೊದಲು ನಾಲ್ಕು ಹಂತ ಇವೆ. ದಯವಿಟ್ಟು ಅವನ್ನು ಹಾರಿಸಬೇಡಿ.

ದೊಡ್ಡ ಗಾಯವಿಲ್ಲದ ಚಿಕಿತ್ಸೆ ಅಂದರೆ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ ಮಾಡುವ ಚಿಕಿತ್ಸೆ. ಒಳಗೆ ಹೋಗಲು ಮೂರು ಬಾಗಿಲುಗಳಿವೆ. ಒಂದು, ಯೋನಿಯ ಮೂಲಕ ಗರ್ಭಕೋಶದ ಬಾಯಿಯಿಂದ. ಎರಡು, ತೊಡೆಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳದಿಂದ. ಮೂರು, ಹೊಟ್ಟೆಯ ಮೇಲೆ ಮಾಡುವ ಅರ್ಧದಿಂದ ಒಂದು ಸೆಂಟಿಮೀಟರ್‌ನ ತೂತುಗಳಿಂದ. ಗಾಯ ಸಣ್ಣದು ಅಂದ ಮಾತ್ರಕ್ಕೆ ಆಪರೇಷನ್ ಸಣ್ಣದು ಅಂತಲ್ಲ. ತೂತಿನಿಂದ ತೆಗೆದರೂ ಗರ್ಭಕೋಶ ಹೋಗುವುದು ಹೋಗಿಯೇ ಹೋಗುತ್ತದೆ.

ಮೊದಲು ಇದನ್ನು ಓದಿ: ಕಾಯಬಾರದ ಲಕ್ಷಣಗಳು

ಗಂಟೆಗೊಂದು ಪ್ಯಾಡ್ ಪೂರ್ತಿ ತೊಯ್ದು, ಎರಡು ಗಂಟೆ ಕಳೆದರೂ ಅದು ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ತಲೆ ಸುತ್ತಿ ಬಿದ್ದರೆ, ಎದೆ ಡವಡವ ಅಂದು ಉಸಿರು ಸಾಲದಂತಾದರೆ, ಗರ್ಭಿಣಿ ಇರಬಹುದು ಅನ್ನುವ ಸಂಶಯ ಇದ್ದು ರಕ್ತ ಅಥವಾ ಒಂದು ಬದಿಯ ನೋವು ಬಂದರೆ, ಜ್ವರದ ಜೊತೆ ಕೆಳಹೊಟ್ಟೆ ಹಿಂಡಿದ ಹಾಗೆ ನೋಯುತ್ತಿದ್ದರೆ ಕೂಡ ಅಷ್ಟೇ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ಒಂದು ಕಲೆ ರಕ್ತ ಕಂಡರೂ ಡಾಕ್ಟರಿಗೆ ತೋರಿಸಬೇಕು. ಬಹುಪಾಲು ಅದು ಕ್ಯಾನ್ಸರ್ ಆಗಿರುವುದಿಲ್ಲ, ಆದರೆ ಅಲ್ಲ ಅಂತ ಖಚಿತವಾಗುವುದು ಪರೀಕ್ಷೆಯಿಂದ ಮಾತ್ರ.

ಹಂತ 1: ಎರಡು ಮೂರು ತಿಂಗಳು ಬರೆದಿಡಿ

ಇದಕ್ಕೊಂದು ಸಣ್ಣ ನೋಟ್‌ಬುಕ್ ಸಾಕು, ಮೊಬೈಲ್‌ನಲ್ಲಾದರೂ ಸರಿ. ಡಾಕ್ಟರ ಮುಂದೆ ಕೂತು "ತುಂಬಾ ಹೋಗುತ್ತೆ" ಅಂದರೆ ಅವರಿಗೆ ಅಳತೆ ಸಿಗುವುದಿಲ್ಲ. ಹೀಗೆ ಬರೆದಿದ್ದರೆ ಸಿಗುತ್ತದೆ:

"2ನೇ ದಿನ. ಪ್ಯಾಡ್ 7, ಪೂರ್ತಿ ತೊಯ್ದದ್ದು 5. ರಾತ್ರಿ ಎರಡು ಸಲ ಎದ್ದೆ. ದೊಡ್ಡ ಹೆಪ್ಪು ಮೂರು. ನೋವು ಹತ್ತಕ್ಕೆ ಎಂಟು, ಸೊಂಟದಿಂದ ತೊಡೆವರೆಗೆ. ಮಾತ್ರೆ ಎರಡು. ಕೆಲಸಕ್ಕೆ ಹೋಗಲಿಲ್ಲ."

"16ನೇ ದಿನ. ಮುಟ್ಟಿಲ್ಲ. ಮಲ ವಿಸರ್ಜನೆ ಮಾಡುವಾಗ ಒಳಗೆ ಚುಚ್ಚಿದ ಹಾಗೆ ನೋವು, ಹತ್ತಕ್ಕೆ ಆರು."

ಎರಡನೆಯ ಸಾಲನ್ನು ಬರೆಯಲು ಬಹಳ ಜನ ಸಂಕೋಚ ಪಡುತ್ತಾರೆ. ಡಾಕ್ಟರಿಗೆ ಹೆಚ್ಚು ದಾರಿ ತೋರಿಸುವುದು ಆ ಸಾಲೇ. ಸಂಭೋಗದ ವೇಳೆ ಆಳದಲ್ಲಿ ನೋವು, ಮೂತ್ರ ಮಾಡುವಾಗ ನೋವು, ಹೊತ್ತು ನಿಂತರೆ ಹೆಚ್ಚಾಗಿ ಮಲಗಿದರೆ ಕಡಿಮೆಯಾಗುವ ನೋವು, ಎಲ್ಲವನ್ನೂ ಬರೆಯಿರಿ.

ಹೋಲಿಸಿ ನೋಡಲು ಒಂದು ಅಳತೆ ಕೊಡುತ್ತೇನೆ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ 24ರಿಂದ 38 ದಿನ ಇದ್ದರೆ ಸಹಜ. ಬ್ಲೀಡಿಂಗ್ 8 ದಿನದೊಳಗೆ ಮುಗಿಯಬೇಕು. ಹಿಂದೆ 80 ಮಿಲಿಲೀಟರ್ ದಾಟಿದರೆ ಜಾಸ್ತಿ ಅನ್ನುತ್ತಿದ್ದರು, ಆದರೆ ಮನೆಯಲ್ಲಿ ಅಳೆಯುವವರು ಯಾರು? ಈಗ ಡಾಕ್ಟರುಗಳು ಕೇಳುವುದು ಬೇರೆ: ನಿಮ್ಮ ಓಡಾಟಕ್ಕೆ, ನಿದ್ದೆಗೆ, ಕೆಲಸಕ್ಕೆ, ಮನಸ್ಸಿಗೆ ಅದರಿಂದ ತೊಂದರೆ ಆಗುತ್ತಿದೆಯಾ? ಆಗುತ್ತಿದ್ದರೆ ಅದು ಜಾಸ್ತಿಯೇ. ಎರಡೂವರೆ ಸೆಂಟಿಮೀಟರ್‌ಗಿಂತ ದೊಡ್ಡ ಹೆಪ್ಪು, ಎರಡು ಮುಟ್ಟುಗಳ ನಡುವೆ ರಕ್ತ, ಸಂಭೋಗದ ನಂತರ ರಕ್ತ, ಇವೂ ತೋರಿಸಬೇಕಾದವೇ.

ಹಂತ 2: ಕಾರಣ ಹುಡುಕುವ ಪರೀಕ್ಷೆಗಳು

ಮೊದಲು ಗರ್ಭ ನಿಂತಿದೆಯಾ ಅನ್ನುವ ಪರೀಕ್ಷೆ. ನಲವತ್ತೈದು ವರ್ಷವಾದರೂ, ಮಕ್ಕಳಾಗದ ಆಪರೇಷನ್ ಆಗಿದ್ದರೂ ಕೇಳಬಹುದು, ಬೇಜಾರು ಮಾಡಿಕೊಳ್ಳಬೇಡಿ. ಆಮೇಲೆ ರಕ್ತ ಪರೀಕ್ಷೆ: ಹಿಮೋಗ್ಲೋಬಿನ್, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್, ಬೇಕೆನಿಸಿದರೆ ಥೈರಾಯ್ಡ್. ಹರೆಯದಿಂದಲೂ ಜಾಸ್ತಿ ಹೋಗುತ್ತಿದ್ದು, ಹಲ್ಲು ಕಿತ್ತಾಗಲೂ ರಕ್ತ ಬೇಗ ನಿಲ್ಲದ ಅನುಭವ ಇದ್ದರೆ ಅದನ್ನು ನೀವಾಗಿಯೇ ಹೇಳಿ. ರಕ್ತ ಹೆಪ್ಪುಗಟ್ಟುವುದರಲ್ಲೇ ದೋಷ ಇರಬಹುದು, ಆಗ ಗರ್ಭಕೋಶಕ್ಕೆ ಏನು ಮಾಡಿದರೂ ಮೂಲ ಹಾಗೇ ಉಳಿಯುತ್ತದೆ.

ನಂತರ ಸ್ಕ್ಯಾನಿಂಗ್. ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನ್‌ಗೆ ಮೂತ್ರ ತುಂಬಿರಬೇಕು, ಯೋನಿಯ ಮೂಲಕ ಮಾಡುವುದಕ್ಕೆ ಖಾಲಿ ಇರಬೇಕು. ಎರಡನೆಯದು ಗರ್ಭಕೋಶಕ್ಕೆ ಹತ್ತಿರದಿಂದ ನೋಡುವುದರಿಂದ ಹೆಚ್ಚು ಸ್ಪಷ್ಟ. ಸಂಶಯ ಉಳಿದರೆ ಒಳಗೆ ಸ್ವಲ್ಪ ಸಲೈನ್ ಬಿಟ್ಟು ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಅಂಟಿಕೊಂಡಿದ್ದ ಗೋಡೆಗಳು ಆಗ ದೂರ ಸರಿಯುತ್ತವೆ, ನಡುವೆ ಅಡಗಿದ ಪಾಲಿಪ್, ಅಂದರೆ ಒಳಪದರದ ಮೆತ್ತಗಿನ ಬೆಳವಣಿಗೆ, ಕಣ್ಣಿಗೆ ಬೀಳುತ್ತದೆ.

ಮುಂದಿನದು ಬಯಾಪ್ಸಿ, ಅಂದರೆ ಒಳಪದರದ ಚೂರು ತೆಗೆದು ಪರೀಕ್ಷಿಸುವುದು. 45 ದಾಟಿದವರಿಗೆ ಇದು ಬೇಕೇ ಬೇಕು ಅನ್ನಬಹುದು. ಅದಕ್ಕಿಂತ ಚಿಕ್ಕವರಾದರೂ ತೂಕ ಜಾಸ್ತಿ ಇದ್ದರೆ, ಪಿಸಿಒಎಸ್ (ಅಂಡ ಸರಿಯಾಗಿ ಬಿಡುಗಡೆ ಆಗದ ಹಾರ್ಮೋನ್ ತೊಂದರೆ) ಇದ್ದು ವರ್ಷಗಟ್ಟಲೆ ಮುಟ್ಟು ಏರುಪೇರಾಗಿದ್ದರೆ, ಔಷಧಿಗೆ ಬ್ಲೀಡಿಂಗ್ ಬಗ್ಗದಿದ್ದರೆ ಬೇಕಾಗುತ್ತದೆ. ತೆಳ್ಳಗಿನ ಪ್ಲಾಸ್ಟಿಕ್ ನಳಿಕೆಯಿಂದ ಹೊರರೋಗಿ ವಿಭಾಗದಲ್ಲೇ ತೆಗೆಯಬಹುದು, ಒಂದೆರಡು ನಿಮಿಷ ಜೋರಾಗಿ ಹಿಂಡಿದ ಹಾಗಾಗುತ್ತದೆ. ಮುಟ್ಟು ನಿಂತ ಮೇಲೆ ರಕ್ತ ಬಂದವರಲ್ಲಿ ಸ್ಕ್ಯಾನ್‌ನಲ್ಲಿ ಒಳಪದರ 4 ಮಿಲಿಮೀಟರ್‌ಗಿಂತ ದಪ್ಪ ಕಂಡರೆ ಬಯಾಪ್ಸಿ ತಪ್ಪಿಸುವಂತಿಲ್ಲ. ತೆಳ್ಳಗಿದ್ದರೂ ರಕ್ತ ಮತ್ತೆ ಮತ್ತೆ ಬರುತ್ತಿದ್ದರೆ ಬಯಾಪ್ಸಿ ಕೇಳಿ.

*ಇಲ್ಲಿ ಎಡವುವುದು:* ಬಯಾಪ್ಸಿ ಇಲ್ಲದೆ ಒಳಪದರ ಸುಡುವುದಕ್ಕೆ ಒಪ್ಪಿಕೊಳ್ಳುವುದು. ಸುಟ್ಟ ಮೇಲೆ ಒಳಗೆ ಕಲೆಗಟ್ಟಿ ಗೋಡೆಗಳು ಅಂಟಿಕೊಳ್ಳುತ್ತವೆ, ಮುಂದೆ ಪರೀಕ್ಷೆಗೆ ಚೂರು ತೆಗೆಯುವುದೇ ಕಷ್ಟ. ಇನ್ನೊಂದು, "ಸ್ಕ್ಯಾನ್ ನಾರ್ಮಲ್, ನಿಮಗೇನೂ ಇಲ್ಲ" ಅನ್ನುವ ಮಾತಿಗೆ ನೋವನ್ನು ನುಂಗಿಕೊಂಡು ವಾಪಸ್ ಬರುವುದು. ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಎಂಡೊಮೆಟ್ರಿಯಾಸಿಸ್ ಅನ್ನುವ ಕಾಯಿಲೆಯ ಸಣ್ಣ ಚುಕ್ಕೆಗಳು ಸ್ಕ್ಯಾನ್‌ನಲ್ಲಿ ಕಾಣದೇ ಇರಬಹುದು.

ಹಂತ 3: ರಿಪೋರ್ಟಿನಲ್ಲಿರುವ ಹೆಸರುಗಳನ್ನು ತಿಳಿದುಕೊಳ್ಳಿ

ಬ್ಲೀಡಿಂಗ್‌ನ ಕಾರಣಗಳನ್ನು ಒಂಬತ್ತು ಗುಂಪು ಮಾಡಿ ಪಾಮ್-ಕೋಯಿನ್ ಅನ್ನುವ ಪಟ್ಟಿಯೊಂದನ್ನು ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟ ಫಿಗೊ 2011ರಲ್ಲಿ ಹೊರತಂದಿತು. ಮೊದಲ ನಾಲ್ಕು ಕಣ್ಣಿಗೆ ಕಾಣುವಂಥವು.

ಪಾಲಿಪ್ ಅಂದರೆ ಒಳಪದರದಿಂದ ತೊಟ್ಟು ಹಿಡಿದು ಇಳಿಬೀಳುವ ಮೆತ್ತಗಿನ ಬೆಳವಣಿಗೆ. ಅಡಿನೊಮಯೋಸಿಸ್ ಅಂದರೆ ಒಳಪದರದ ಅಂಗಾಂಶ ಗರ್ಭಕೋಶದ ಗೋಡೆಯ ಸ್ನಾಯುವಿನೊಳಗೇ ಹೊಕ್ಕಿರುವುದು. ಗರ್ಭಕೋಶ ಊದಿಕೊಂಡು, ಮುಟ್ಟು ಜಾಸ್ತಿಯೂ ನೋವಿನದೂ ಆಗುತ್ತದೆ. ಫೈಬ್ರಾಯ್ಡ್ ಅಂದರೆ ಸ್ನಾಯುವಿನ ಗಡ್ಡೆ, ಕ್ಯಾನ್ಸರ್ ಅಲ್ಲ. ನಾಲ್ಕನೆಯದು ಕ್ಯಾನ್ಸರ್ ಮತ್ತು ಅದಕ್ಕೆ ಮುಂಚಿನ ಹಂತಗಳು. ಉಳಿದ ಐದು ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ: ರಕ್ತ ಹೆಪ್ಪುಗಟ್ಟುವ ದೋಷ, ಅಂಡ ಸರಿಯಾಗಿ ಬಿಡುಗಡೆ ಆಗದಿರುವುದು, ಒಳಪದರದ ಸ್ವಂತ ತೊಂದರೆ, ಔಷಧಿ ಅಥವಾ ಕಾಪರ್-ಟಿಯಿಂದ ಆಗುವುದು, ಮತ್ತು ಯಾವ ಗುಂಪಿಗೂ ಸೇರದವು.

ಫೈಬ್ರಾಯ್ಡ್ ಬಗ್ಗೆ ಒಂದು ಮಾತು. ಐವತ್ತರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೆಂಗಸರಲ್ಲಿ ಫೈಬ್ರಾಯ್ಡ್ ಇರುತ್ತದೆ, ಬಹಳ ಮಂದಿಗೆ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ತೊಂದರೆ ಕೊಡದ ಗಡ್ಡೆಯನ್ನು ಸುಮ್ನೆ ತೆಗೆಸಬೇಕಿಲ್ಲ. ಗಡ್ಡೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ಒಳಪದರದ ಕಡೆಗೆ ಉಬ್ಬಿದ ಎರಡು ಸೆಂಟಿಮೀಟರ್ ಗಡ್ಡೆ ರಕ್ತ ಸುರಿಸಬಹುದು, ಹೊರಗೋಡೆಯ ಆರು ಸೆಂಟಿಮೀಟರ್ ಗಡ್ಡೆ ಒಂದು ಹನಿಯನ್ನೂ ಹೆಚ್ಚು ಹರಿಸದೆ ಬರೀ ಮೂತ್ರಕೋಶ ಒತ್ತುತ್ತಿರಬಹುದು. ರಿಪೋರ್ಟಿನಲ್ಲಿ ಟೈಪ್ 0, 1, 2 ಅಂತಿದ್ದರೆ ಗಡ್ಡೆ ಒಳಪದರದ ಕಡೆಗಿದೆ ಅಂತ ಅರ್ಥ.

ಎಂಡೊಮೆಟ್ರಿಯಾಸಿಸ್ ಈ ಪಟ್ಟಿಯಲ್ಲಿಲ್ಲ, ಯಾಕಂದ್ರೆ ಅದು ಮುಖ್ಯವಾಗಿ ನೋವಿನ ಕಾಯಿಲೆ. ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಹಿಂದೆ ಬೆಳೆಯುತ್ತದೆ. ಮುಟ್ಟಾಗುವ ವಯಸ್ಸಿನವರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಬ್ಬರಿಗೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. "ಮುಟ್ಟು ಅಂದಮೇಲೆ ನೋವು ಇರುತ್ತಪ್ಪ" ಅನ್ನುವ ಮಾತು ಕೇಳಿ ಕೇಳಿಯೇ ಇವರಲ್ಲಿ ಎಷ್ಟೋ ಮಂದಿಗೆ ರೋಗದ ಹೆಸರು ತಿಳಿಯುವುದಕ್ಕೆ ವರ್ಷಗಳು ಹಿಡಿಯುತ್ತವೆ. ನೆಲ ಹಿಡಿಸುವಂಥ ನೋವು ಸಹಜ ಅಲ್ಲ.

ಹಂತ 4: ನಿಮಗೇನು ಬೇಕು ಅಂತ ನಿರ್ಧರಿಸಿ, ಔಷಧಿಗಳನ್ನೆಲ್ಲ ಪ್ರಯತ್ನಿಸಿ ಆಗಿದೆಯಾ ನೋಡಿ

ಮೂರು ಪ್ರಶ್ನೆಗೆ ಉತ್ತರ ಬರೆದುಕೊಂಡು ಹೋಗಿ. ಮುಂದೆ ಮಗು ಬೇಕಾ? ಹೆಚ್ಚು ಕಾಡುತ್ತಿರುವುದು ರಕ್ತವಾ, ನೋವಾ? ಮುಟ್ಟು ತಾನಾಗಿ ನಿಲ್ಲಲು ಇನ್ನೆಷ್ಟು ವರ್ಷ ಇರಬಹುದು? ನಲವತ್ತೊಂಬತ್ತರವರಿಗೂ ಮೂವತ್ತೆರಡರವರಿಗೂ ಒಂದೇ ಗಡ್ಡೆ ಇದ್ದರೂ ಸಲಹೆ ಬೇರೆಯಾಗುವುದು ಇದರಿಂದಲೇ.

ಆಪರೇಷನ್‌ಗೆ ಮುಂಚೆ ಪ್ರಯತ್ನಿಸಬಹುದಾದ ಔಷಧಿಗಳಿವೆ. ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ರಕ್ತ ಕಡಿಮೆ ಮಾಡುತ್ತದೆ, ಮೆಫೆನಾಮಿಕ್ ಆಸಿಡ್ ರಕ್ತ ನೋವು ಎರಡನ್ನೂ ಸ್ವಲ್ಪ ತಗ್ಗಿಸುತ್ತದೆ. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು ಮೊದಲನೆಯದನ್ನು, ಕಿಡ್ನಿ ತೊಂದರೆ ಅಥವಾ ಹೊಟ್ಟೆ ಹುಣ್ಣು ಇದ್ದವರು ಎರಡನೆಯದನ್ನು ಡಾಕ್ಟರನ್ನು ಕೇಳದೆ ನುಂಗಬಾರದು. ಹಾರ್ಮೋನ್ ಮಾತ್ರೆಗಳೂ ಇವೆ.

ಇನ್ನು 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುವ, ಗರ್ಭಕೋಶದೊಳಗೆ ಇಡುವ ಟಿ ಆಕಾರದ ಸಾಧನ. ಮಿರೆನಾ ಅಂತ ಕೇಳಿರಬಹುದು. ಇದನ್ನು ಕಾಪರ್-ಟಿ ಅಂದುಕೊಂಡು ಬೇಡ ಅನ್ನುವವರು ಬಹಳ. ಕಾಪರ್-ಟಿ ಬ್ಲೀಡಿಂಗ್ ಹೆಚ್ಚಿಸಬಹುದು, ಇದು ಕಡಿಮೆ ಮಾಡುತ್ತದೆ. ದಿನಾ ಸ್ವಲ್ಪ ಸ್ವಲ್ಪ ಹಾರ್ಮೋನ್ ಬಿಟ್ಟು ಒಳಪದರವನ್ನು ತೆಳ್ಳಗೆ ಮಾಡುತ್ತದೆ. ಅಡಿನೊಮಯೋಸಿಸ್, ಎಂಡೊಮೆಟ್ರಿಯಾಸಿಸ್ ನೋವಿಗೂ ಆಗಿಬರುತ್ತದೆ, ತೆಗೆಸಿದರೆ ಗರ್ಭ ನಿಲ್ಲುವುದಕ್ಕೆ ಅಡ್ಡಿ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಆಪರೇಷನ್ ಟೇಬಲ್ ಹತ್ತುವ ಮುಂಚೆ ಯೋಚಿಸಲೇಬೇಕಾದ ಆಯ್ಕೆ ಇದು.

*ಇಲ್ಲಿ ಎಡವುವುದು:* ಮೊದಲ ಮೂರರಿಂದ ಆರು ತಿಂಗಳು ಹೊತ್ತಲ್ಲದ ಹೊತ್ತಲ್ಲಿ ಚೂರುಪಾರು ರಕ್ತ ಕಾಣುತ್ತದೆ. ಇದು ಮೊದಲೇ ಗೊತ್ತಿಲ್ಲದಿದ್ದರೆ ಎರಡನೇ ತಿಂಗಳಲ್ಲೇ "ನನಗಿದು ಆಗಲಿಲ್ಲ" ಅಂತ ತೆಗೆಸಿಬಿಡುತ್ತಾರೆ. ಆದರೆ ಸಾಧನದ ತುದಿಯ ದಾರ ಕೈಗೆ ಸಿಗದಿದ್ದರೆ, ಅಥವಾ ಒಂದು ಸಲ ಜೋರು ಬ್ಲೀಡಿಂಗ್ ಆಗಿ ಆಮೇಲೆ ಹಳೆಯ ಹಾಗೇ ಆದರೆ, ಸಾಧನ ಜಾರಿ ಹೋಗಿರಬಹುದು, ಸ್ಕ್ಯಾನ್ ಮಾಡಿಸಿ.

ಹಂತ 5: ಮೊದಲ ಬಾಗಿಲು, ಗರ್ಭಕೋಶದ ಬಾಯಿಯಿಂದ

*ಹಿಸ್ಟೆರೊಸ್ಕೋಪಿ.* ಹೊಟ್ಟೆಯ ಮೇಲೆ ಒಂದು ಗೀರೂ ಇಲ್ಲ. ಮೂರರಿಂದ ಐದು ಮಿಲಿಮೀಟರ್ ದಪ್ಪದ ಕ್ಯಾಮೆರಾ ಕೊಳವೆ ಗರ್ಭಕೋಶದ ಬಾಯಿಯಿಂದ ಒಳಗೆ ಹೋಗುತ್ತದೆ. ಜೊತೆಗೆ ಸಲೈನ್ ಹರಿದು ಒಳಜಾಗವನ್ನು ಅಗಲಿಸುತ್ತದೆ. ಟಿವಿ ಪರದೆಯಲ್ಲಿ ಮೊದಲು ಗುಲಾಬಿ ಬಣ್ಣದ ಸುರಂಗ, ಆಮೇಲೆ ಪುಟ್ಟ ಕೋಣೆ, ಮೇಲೆ ಎರಡು ಮೂಲೆಗಳಲ್ಲಿ ಗರ್ಭನಾಳಗಳ ಚುಕ್ಕೆಯಂಥ ಬಾಯಿಗಳು ಕಾಣುತ್ತವೆ. ಪಾಲಿಪ್ ಇದ್ದರೆ ಹರಿಯುವ ನೀರಿಗೆ ತೊಟ್ಟಿನ ಮೇಲೆ ಓಲಾಡುತ್ತದೆ. ಫೈಬ್ರಾಯ್ಡ್ ಓಲಾಡುವುದಿಲ್ಲ, ಬೆಳ್ಳಗೆ ಗಟ್ಟಿಯಾಗಿ ಗೋಡೆಯಿಂದ ಉಬ್ಬಿ ನಿಂತಿರುತ್ತದೆ, ಮೇಲೆ ಸಣ್ಣ ರಕ್ತನಾಳಗಳು ಹರಡಿರುತ್ತವೆ. ಬರೀ ನೋಡುವುದಕ್ಕೆ, ಸಣ್ಣ ಪಾಲಿಪ್ ತೆಗೆಯುವುದಕ್ಕೆ ಎಚ್ಚರವಿದ್ದೇ ಮಾಡಬಹುದು. ಬೇಕಿದ್ದರೆ ನೀವೂ ಪರದೆ ನೋಡಬಹುದು. ಟೈಪ್ 0, 1, 2 ಗಡ್ಡೆಗಳನ್ನು ಸ್ವಲ್ಪ ದಪ್ಪ ಉಪಕರಣದಿಂದ, ಅರಿವಳಿಕೆ ಕೊಟ್ಟು ಚೂರು ಚೂರಾಗಿ ತೆಗೆಯುತ್ತಾರೆ. ಗಡ್ಡೆಯ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಗೋಡೆಯೊಳಗೇ ಇದ್ದರೆ ಎರಡು ಸಲ ಮಾಡಬೇಕಾಗಬಹುದು, ಮೊದಲೇ ಕೇಳಿಟ್ಟುಕೊಳ್ಳಿ.

ಮುಟ್ಟು ಮುಗಿದ ಕೂಡಲೇ ದಿನ ಹಾಕಿಸಿಕೊಂಡರೆ ಒಳಪದರ ತೆಳ್ಳಗಿದ್ದು ಚೆನ್ನಾಗಿ ಕಾಣುತ್ತದೆ. ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ: ಗರ್ಭಕೋಶದ ಗೋಡೆ ತೂತಾಗುವುದು, ಸೋಂಕು, ಒಳಗೆ ಬಿಟ್ಟ ದ್ರವ ರಕ್ತಕ್ಕೆ ಸೇರುವುದು. ಅದಕ್ಕೇ ಬಿಟ್ಟದ್ದೆಷ್ಟು ಹೊರಬಂದದ್ದೆಷ್ಟು ಅಂತ ಲೆಕ್ಕ ಇಡುತ್ತಾರೆ, ಸಲೈನ್ ಆದರೆ ಎರಡೂವರೆ ಲೀಟರ್ ಒಳಗೇ ಉಳಿದರೆ ಕೆಲಸ ನಿಲ್ಲಿಸುತ್ತಾರೆ.

ಕೆಲವೆಡೆ ಈಗಲೂ ಕ್ಯಾಮೆರಾ ಇಲ್ಲದೆ ಬರೀ ಕ್ಲೀನಿಂಗ್, ಅಂದರೆ ಡಿ ಆಂಡ್ ಸಿ ಮಾಡುತ್ತಾರೆ. ಕಣ್ಣು ಮುಚ್ಚಿ ಕೆರೆದಾಗ ಪಾಲಿಪ್ ಅಲ್ಲೇ ಉಳಿದುಬಿಡಬಹುದು, ಮತ್ತು ಅದರಿಂದ ಸಿಗುವ ಆರಾಮ ಹೆಚ್ಚು ತಿಂಗಳು ನಿಲ್ಲುವುದಿಲ್ಲ. ಪಾಲಿಪ್ ಅಥವಾ ಗಡ್ಡೆಯ ಸಂಶಯ ಇದ್ದರೆ ಕ್ಯಾಮೆರಾ ಇಟ್ಟು ಮಾಡಲು ಆಗುತ್ತದಾ ಅಂತ ಕೇಳಿ.

*ಒಳಪದರ ಸುಡುವುದು, ಅಂದರೆ ಎಂಡೊಮೆಟ್ರಿಯಲ್ ಅಬ್ಲೇಷನ್.* ಬಿಸಿ ದ್ರವದ ಬಲೂನ್, ರೇಡಿಯೊ ತರಂಗ, ಶೀತ, ಹೀಗೆ ವಿಧಾನಗಳು ಹಲವು. ಸುಡುವುದಕ್ಕೆ ಹಿಡಿಯುವುದು ನಿಮಿಷಗಳ ಲೆಕ್ಕ, ಅದೇ ದಿನ ಮನೆಗೆ ಹೋಗಬಹುದು. ಬಹುಪಾಲು ಮಂದಿಗೆ ಬ್ಲೀಡಿಂಗ್ ಕಡಿಮೆಯಾಗುತ್ತದೆ, ಕೆಲವರಿಗೆ ಪೂರ್ತಿ ನಿಲ್ಲುತ್ತದೆ.

ಇಷ್ಟು ಸುಲಭ ಇರುವುದರಿಂದಲೇ ತಪ್ಪು ಜನರಿಗೂ ಇದು ಆಗಿಬಿಡುತ್ತದೆ. ಮುಂದೆ ಮಗು ಬೇಕು ಅನ್ನುವವರಿಗೆ ಇದು ಬೇಡ. ಆದರೂ ಗರ್ಭ ನಿಲ್ಲಬಹುದು, ಅಂಥ ಗರ್ಭ ಅಪಾಯಕಾರಿ, ಆದ್ದರಿಂದ ಮುಟ್ಟು ಪೂರ್ತಿ ನಿಲ್ಲುವ ವಯಸ್ಸಿನವರೆಗೆ ಗರ್ಭನಿರೋಧಕ ಬೇಕು. ಕ್ಯಾನ್ಸರ್ ಪೂರ್ವ ಹಂತ ಇದ್ದವರಿಗೆ ಮಾಡಬಾರದು. ಮುಖ್ಯವಾಗಿ, ಮೊದಲಿಂದಲೂ ಮುಟ್ಟಿನ ನೋವು ಜೋರಾಗಿದ್ದವರು, ಅಡಿನೊಮಯೋಸಿಸ್ ಇದ್ದವರು ಎರಡು ಸಲ ಯೋಚಿಸಿ. ಮೇಲ್ಪದರ ಕಲೆಗಟ್ಟಿದ ಮೇಲೆ ಮೂಲೆಗಳಲ್ಲಿ ಉಳಿದ ಒಳಪದರ ಪ್ರತಿ ತಿಂಗಳೂ ರಕ್ತ ಬಿಡುತ್ತಲೇ ಇರುತ್ತದೆ, ಅದಕ್ಕೆ ಹೊರಬರಲು ದಾರಿ ಇರುವುದಿಲ್ಲ. ರಕ್ತ ಕಾಣುವುದಿಲ್ಲ, ತಿಂಗಳಿಗೊಮ್ಮೆ ನೋವು ಮಾತ್ರ ಬರುತ್ತದೆ. ಮಕ್ಕಳಾಗದ ಆಪರೇಷನ್ ಆದವರಲ್ಲಿ ಆ ರಕ್ತ ಗರ್ಭನಾಳದ ತುದಿಯಲ್ಲೂ ಕಟ್ಟಿಕೊಳ್ಳಬಹುದು. ಅಬ್ಲೇಷನ್ ಮಾಡಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಮುಂದಿನ ವರ್ಷಗಳಲ್ಲಿ ಮತ್ತೊಂದು ಆಪರೇಷನ್‌ಗೆ ಬರುತ್ತಾರೆ, ವಯಸ್ಸು ಚಿಕ್ಕದಾದಷ್ಟೂ ಆ ಸಾಧ್ಯತೆ ಜಾಸ್ತಿ.

ಹಂತ 6: ಎರಡನೇ ಬಾಗಿಲು, ರಕ್ತನಾಳದಿಂದ

ಗರ್ಭಕೋಶದ ರಕ್ತನಾಳ ಮುಚ್ಚುವ ಈ ಚಿಕಿತ್ಸೆಗೆ ಯುಟೆರೈನ್ ಆರ್ಟರಿ ಎಂಬೊಲೈಸೇಷನ್ ಅಂತ ಹೆಸರು. ಫೈಬ್ರಾಯ್ಡ್‌ಗೆ ಇದನ್ನು ಬಳಸಿದ ಬಗ್ಗೆ ಫ್ರಾನ್ಸಿನ ವೈದ್ಯರ ತಂಡ 1995ರಲ್ಲಿ ಮೊದಲು ವರದಿ ಮಾಡಿತು. ಮಾಡುವವರು ಸ್ತ್ರೀರೋಗ ತಜ್ಞರಲ್ಲ, ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್, ಅಂದರೆ ಎಕ್ಸ್‌ರೇ, ಸ್ಕ್ಯಾನ್ ನೋಡಿಕೊಂಡು ನಳಿಕೆಯಿಂದ ಚಿಕಿತ್ಸೆ ಮಾಡುವ ತಜ್ಞರು. ಅದಕ್ಕೇ ಎಷ್ಟೋ ಸಲ ಇದರ ಮಾತೇ ಬರುವುದಿಲ್ಲ, ನೀವೇ ಕೇಳಬೇಕಾಗುತ್ತದೆ.

ತೊಡೆಸಂದಿ ಅಥವಾ ಮಣಿಕಟ್ಟಿನ ಜಾಗ ಮರಗಟ್ಟಿಸಿ ಸಣ್ಣ ನಳಿಕೆ ತೂರಿಸುತ್ತಾರೆ. ಎಕ್ಸ್‌ರೇ ನೋಡಿಕೊಂಡು ಗರ್ಭಕೋಶದ ನಾಳದವರೆಗೆ ಹೋಗಿ, ಸುಮಾರು ಅರ್ಧ ಮಿಲಿಮೀಟರ್ ಗಾತ್ರದ ಕಣಗಳನ್ನು ಬಿಡುತ್ತಾರೆ. ಗಡ್ಡೆಗೆ ರಕ್ತ ನಿಂತು ಅದು ಒಣಗತೊಡಗುತ್ತದೆ, ಗರ್ಭಕೋಶ ಬೇರೆ ಸಣ್ಣ ನಾಳಗಳಿಂದ ರಕ್ತ ಪಡೆದು ಉಳಿದುಕೊಳ್ಳುತ್ತದೆ. ಆರು ತಿಂಗಳ ಹೊತ್ತಿಗೆ ಗಡ್ಡೆಯ ಗಾತ್ರ ಸಾಮಾನ್ಯವಾಗಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ಪೂರ್ತಿ ಮಾಯ ಆಗುವುದಿಲ್ಲ. ಅಡಿನೊಮಯೋಸಿಸ್‌ಗೂ ಮಾಡುತ್ತಾರೆ.

ಗಾಯ ಕಾಣದಷ್ಟು ಚಿಕ್ಕದು, ಆದರೆ ಮೊದಲ ರಾತ್ರಿಯ ನೋವು ಚಿಕ್ಕದಲ್ಲ. ನೋವಿನ ಔಷಧಿಯ ಯೋಜನೆ ಏನು ಅಂತ ಮೊದಲೇ ಕೇಳಿ. ಕೆಲವು ದಿನ ಸಣ್ಣ ಜ್ವರ, ವಾಕರಿಕೆ, ಸುಸ್ತು ಇರಬಹುದು. ವಾರ ಕಳೆದ ಮೇಲೆ ಜ್ವರ ಏರಿದರೆ ಅಥವಾ ವಾಸನೆಯ ಸ್ರಾವ ಬಂದರೆ ತಡ ಮಾಡಬೇಡಿ. ಮಗು ಬೇಕು ಅನ್ನುವವರಿಗೆ ಸಾಮಾನ್ಯವಾಗಿ ಇದು ಮೊದಲ ಸಲಹೆ ಅಲ್ಲ. 45 ದಾಟಿದವರಲ್ಲಿ ಕೆಲವರಿಗೆ ಮುಟ್ಟೇ ನಿಂತುಬಿಡುತ್ತದೆ.

ಧ್ವನಿ ತರಂಗವನ್ನು ಒಂದು ಬಿಂದುವಿಗೆ ಕೂಡಿಸಿ ಹೊರಗಿನಿಂದಲೇ ಗಡ್ಡೆ ಬಿಸಿ ಮಾಡುವ ವಿಧಾನವೂ ಇದೆ. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಎಲ್ಲ ಗಡ್ಡೆಗೂ ಆಗುವುದಿಲ್ಲ, ಎಲ್ಲ ಕಡೆ ಸಿಗುವುದೂ ಇಲ್ಲ.

ಹಂತ 7: ಮೂರನೇ ಬಾಗಿಲು, ಹೊಟ್ಟೆಯ ತೂತುಗಳಿಂದ

ಇದು ಲ್ಯಾಪರೊಸ್ಕೋಪಿ. ಪೂರ್ತಿ ಅರಿವಳಿಕೆ ಕೊಟ್ಟು, ಹೊಕ್ಕುಳ ಬಳಿ ಒಂದು, ಕೆಳಗೆ ಎರಡು ಮೂರು ತೂತು ಮಾಡಿ, ಇಂಗಾಲದ ಡೈಆಕ್ಸೈಡ್ ತುಂಬಿಸಿ ಹೊಟ್ಟೆ ಉಬ್ಬಿಸುತ್ತಾರೆ.

*ಗಡ್ಡೆ ಮಾತ್ರ ತೆಗೆಯುವುದು.* ಗರ್ಭಕೋಶ ಉಳಿಸಿಕೊಳ್ಳಬೇಕು, ಮಗು ಬೇಕು ಅನ್ನುವವರಿಗೆ. ದೊಡ್ಡ ಗಡ್ಡೆಯನ್ನು ಸಣ್ಣ ತೂತಿನಿಂದ ತರಲು ಒಳಗೇ ಚೂರು ಮಾಡಬೇಕಾಗುತ್ತದೆ. ಅಪರೂಪಕ್ಕೆ ಗಡ್ಡೆಯಲ್ಲಿ ಕ್ಯಾನ್ಸರ್ ಅಡಗಿದ್ದರೆ ಚೂರಾಗುವಾಗ ಹರಡಬಹುದು ಅಂತ ಎಫ್‌ಡಿಎ 2014ರಲ್ಲಿ ಎಚ್ಚರಿಸಿತು. ಅಂದಿನಿಂದ ಚೀಲದೊಳಗೆ ಇಟ್ಟು ಚೂರು ಮಾಡುವ ರೂಢಿ ಬಂದಿದೆ, "ಚೀಲ ಬಳಸುತ್ತೀರಾ?" ಅಂತ ಕೇಳಲು ಹಿಂಜರಿಯಬೇಡಿ. ಗೋಡೆಯನ್ನು ಆಳಕ್ಕೆ ಕೊಯ್ದಿದ್ದರೆ ಮುಂದೆ ಸಿಸೇರಿಯನ್ ಬೇಕಾಗಬಹುದು, ಗರ್ಭಕ್ಕೆ ಎಷ್ಟು ತಿಂಗಳು ಕಾಯಬೇಕು ಅನ್ನುವುದನ್ನೂ ಕೇಳಿ. ಹೊಸ ಗಡ್ಡೆ ಹುಟ್ಟುವ ಸಾಧ್ಯತೆ ಇದ್ದೇ ಇದೆ.

*ಎಂಡೊಮೆಟ್ರಿಯಾಸಿಸ್ ತೆಗೆಯುವುದು.* ಚುಕ್ಕೆಗಳನ್ನು ಮೇಲಿಂದ ಸುಡಬಹುದು ಅಥವಾ ಬುಡಸಮೇತ ಕತ್ತರಿಸಬಹುದು. ಆಳಕ್ಕೆ ಇಳಿದಿದ್ದರೆ ಕತ್ತರಿಸುವುದೇ ಸರಿ. ಕರುಳು, ಮೂತ್ರನಾಳದ ಹತ್ತಿರ ಇದ್ದರೆ ಇದೇ ಕೆಲಸದಲ್ಲಿ ಪಳಗಿದವರನ್ನು ಹುಡುಕಿಕೊಂಡು ಹೋಗಿ, ಯಾಕಂದ್ರೆ ಮೊದಲ ಆಪರೇಷನ್ ಅರ್ಧಂಬರ್ಧ ಆದರೆ ಎರಡನೆಯದು ಇನ್ನೂ ಕಷ್ಟ. ತೆಗೆದ ಮೇಲೂ ಮರುಕಳಿಸಬಹುದು. ತಕ್ಷಣ ಮಗು ಬೇಡ ಅನ್ನುವವರಿಗೆ ಹಾರ್ಮೋನ್ ಚಿಕಿತ್ಸೆ ಮುಂದುವರಿಸಿದರೆ ಆ ಸಾಧ್ಯತೆ ತಗ್ಗುತ್ತದೆ.

*ಗರ್ಭಕೋಶ ತೆಗೆಯುವುದು.* ಇದು ಸೋಲು ಅಲ್ಲ. ಬೇರೆಲ್ಲ ನೋಡಿಯಾಗಿದೆ, ಮಕ್ಕಳ ಯೋಚನೆ ಇಲ್ಲ, ಬದುಕೇ ಬೇಸರವಾಗಿದೆ ಅನ್ನುವವರಿಗೆ ಮುಟ್ಟಿನ ಬ್ಲೀಡಿಂಗ್‌ಗೆ ಶಾಶ್ವತ ಪರಿಹಾರ ಇದೊಂದೇ. ಯೋನಿಯ ಮೂಲಕವೇ ತೆಗೆಯಲು ಆದರೆ ಹೊಟ್ಟೆಯ ಮೇಲೆ ತೂತೂ ಬೇಡ. ಎರಡು ವಿಷಯ ಸಹಿ ಹಾಕುವ ಮುಂಚೆ ಖಚಿತ ಮಾಡಿಕೊಳ್ಳಿ. ಅಂಡಾಶಯ ಉಳಿಸುತ್ತಾರಾ? ಕಾರಣವಿಲ್ಲದೆ ಬೇಗ ತೆಗೆದರೆ ಮುಟ್ಟು ನಿಲ್ಲುವ ಎಲ್ಲ ಲಕ್ಷಣ ಒಮ್ಮೆಲೇ ಬರುತ್ತವೆ, ಮೂಳೆಗೂ ಹೃದಯಕ್ಕೂ ಒಳ್ಳೆಯದಲ್ಲ. ಗರ್ಭಕೋಶದ ಬಾಯಿ ಉಳಿಸುತ್ತಾರಾ? ಉಳಿಸಿದರೆ ಅಲ್ಲಿನ ಕ್ಯಾನ್ಸರ್ ಮೊದಲೇ ಪತ್ತೆ ಮಾಡುವ ಪ್ಯಾಪ್ ಪರೀಕ್ಷೆ ಮುಂದುವರಿಸಬೇಕು.

ಹಂತ 8: ನೋವೇ ಮುಖ್ಯ ಆಗಿದ್ದರೆ

ಆರು ತಿಂಗಳು ದಾಟಿದ ಕೆಳಹೊಟ್ಟೆ ನೋವಿಗೆ ಗರ್ಭಕೋಶವೇ ಕಾರಣ ಆಗಿರಬೇಕಿಲ್ಲ. ಮೂತ್ರಕೋಶ, ಕರುಳು, ನರ, ಬೆನ್ನುಹುರಿ, ಎಲ್ಲದರ ನೋವೂ ಅಲ್ಲೇ ಕಾಣಿಸಿಕೊಳ್ಳುತ್ತದೆ. ವರ್ಷಗಟ್ಟಲೆ ನೋವು ತಡೆದವರಲ್ಲಿ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಬಿಗಿದುಕೊಂಡು ಸಡಿಲಾಗುವುದನ್ನೇ ಮರೆತಿರುತ್ತವೆ. ಇಂಥ ನೋವಿಗೆ ಬೇಕಾದದ್ದು ಪೆಲ್ವಿಕ್ ಫ್ಲೋರ್, ಅಂದರೆ ಈ ತಳದ ಸ್ನಾಯುಗಳ ಫಿಸಿಯೋಥೆರಪಿ. ಬಿಗಿದ ಸ್ನಾಯುವಿಗೆ ಯಾರದೋ ಮಾತು ಕೇಳಿ ಆ ಸ್ನಾಯುಗಳನ್ನೇ ಬಿಗಿಹಿಡಿಯುವ ಕೆಗೆಲ್ ವ್ಯಾಯಾಮ ಮಾಡಿದರೆ ನೋವು ಹೆಚ್ಚಾಗಬಹುದು.

ನಿಂತರೆ ಭಾರ, ಮಲಗಿದರೆ ಹಗುರ ಅನ್ನುವ ನೋವು ಇದ್ದರೆ ಅಂಡಾಶಯದ ರಕ್ತನಾಳಗಳು ಉಬ್ಬಿಕೊಂಡಿರಬಹುದು. ಅದಕ್ಕೂ ಎರಡನೇ ಬಾಗಿಲಿನಿಂದ ಹೋಗಿ ಆ ನಾಳ ಮುಚ್ಚುವ ಚಿಕಿತ್ಸೆ ಇದೆ. ಲ್ಯಾಪರೊಸ್ಕೋಪಿಯಲ್ಲಿ ಗರ್ಭಕೋಶದ ಹಿಂದಿನ ನರ ಕತ್ತರಿಸಿದರೆ ನೋವು ಹೋಗುತ್ತದೆ ಅಂತ ಹಿಂದೆ ನಂಬಿದ್ದರು; 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅದರಿಂದ ಲಾಭ ಕಾಣಲಿಲ್ಲ.

ಹಂತ 9: ಆಪರೇಷನ್‌ಗೆ ಮುಂಚೆ

ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ತುರ್ತು ಅಲ್ಲದ ಆಪರೇಷನ್ ಆದರೆ ಮೊದಲು ಅದನ್ನು ಏರಿಸಿಕೊಳ್ಳಿ. ಕಬ್ಬಿಣದ ಮಾತ್ರೆ ಹೊಟ್ಟೆಗೆ ಆಗದಿದ್ದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದಾ ಅಂತ ಕೇಳಿ, ಸಮಯ ಕಡಿಮೆ ಇದ್ದರೆ ನರಕ್ಕೆ ಕೊಡುವ ಕಬ್ಬಿಣವೂ ಇದೆ. ರಕ್ತ ತೆಳು ಮಾಡುವ ಮಾತ್ರೆ, ಅಲರ್ಜಿ, ಹಿಂದಿನ ಸಿಸೇರಿಯನ್, ಒಂದನ್ನೂ ಮುಚ್ಚಿಡಬೇಡಿ.

ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳು ಇವು: ನನ್ನ ತೊಂದರೆಗೆ ಕಾರಣ ಏನು ಅಂತ ಬರೆದು ಕೊಡುತ್ತೀರಾ? ಈ ಚಿಕಿತ್ಸೆ ರಕ್ತಕ್ಕಾ, ನೋವಿಗಾ, ಎರಡಕ್ಕೂನಾ? ಇದನ್ನು ಮಾಡಿಸದೆ ಇದ್ದರೆ ಏನಾಗುತ್ತದೆ? ನೀವು ಇದನ್ನು ಎಷ್ಟು ಸಲ ಮಾಡಿದ್ದೀರಿ? ಒಳಗೆ ಹೋದ ಮೇಲೆ ತೊಡಕಾದರೆ ಹೊಟ್ಟೆ ಕೊಯ್ಯುವ ಸಾಧ್ಯತೆ ಎಷ್ಟು? ನನ್ನನ್ನು ಕೇಳದೆ ಏನನ್ನು ತೆಗೆಯುವುದಿಲ್ಲ? ಕೊನೆಯದನ್ನು ಒಪ್ಪಿಗೆ ಪತ್ರದಲ್ಲೇ ಬರೆಸಿ.

ಹಂತ 10: ಮನೆಗೆ ಬಂದ ಮೇಲೆ

ಹಿಸ್ಟೆರೊಸ್ಕೋಪಿ ಆದವರು ಒಂದೆರಡು ದಿನದಲ್ಲಿ ಎಂದಿನ ಕೆಲಸಕ್ಕೆ ಮರಳಬಹುದು. ಅಬ್ಲೇಷನ್ ನಂತರ ನೀರಿನಂಥ, ತಿಳಿಗೆಂಪು ಸ್ರಾವ ಕೆಲವು ವಾರ ಇರುತ್ತದೆ. ಲ್ಯಾಪರೊಸ್ಕೋಪಿ ಆದ ರಾತ್ರಿ ಹೊಟ್ಟೆಗಿಂತ ಭುಜ ಜಾಸ್ತಿ ನೋಯಬಹುದು. ಇದನ್ನು ಯಾರೂ ಹೇಳಿರುವುದಿಲ್ಲ, ಹೃದಯಕ್ಕೇ ಏನೋ ಆಯಿತು ಅಂತ ಗಾಬರಿಯಾಗುತ್ತದೆ. ಒಳಗುಳಿದ ಗ್ಯಾಸ್ ಎದೆ-ಹೊಟ್ಟೆ ನಡುವಿನ ಪರದೆಯನ್ನು ಕೆಣಕುತ್ತದೆ, ಆ ನರದ ನೋವು ಭುಜದಲ್ಲಿ ತೋರುತ್ತದೆ. ಎದ್ದು ನಿಧಾನಕ್ಕೆ ಓಡಾಡಿದರೆ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಆದರೆ ಎದೆಯೇ ಹಿಡಿದುಕೊಂಡರೆ, ಉಸಿರು ಕಟ್ಟಿದರೆ ಅದು ಗ್ಯಾಸ್ ಅಂತ ಸುಮ್ಮನಿರಬೇಡಿ.

ಗರ್ಭಕೋಶ ತೆಗೆಸಿದವರು ನಾಲ್ಕರಿಂದ ಆರು ವಾರ ಭಾರ ಎತ್ತಬಾರದು, ಒಳಗಿನ ಹೊಲಿಗೆ ಮಾಯಲು ಕನಿಷ್ಠ ಆರರಿಂದ ಎಂಟು ವಾರ ಸಂಭೋಗ ಬೇಡ. ಹೊರಗಿನ ಗಾಯ ವಾರಕ್ಕೇ ಮಾದಿರುತ್ತದೆ, ಮನೆಯವರು "ಚೆನ್ನಾಗಿದ್ದೀಯಲ್ಲ" ಅಂತ ಕೊಡ ಕೈಗೆ ಕೊಡುತ್ತಾರೆ. ಈ ಸಾಲನ್ನು ಅವರಿಗೂ ಓದಿಸಿ.

38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ದಿನದಿಂದ ದಿನಕ್ಕೆ ಏರುವ ಹೊಟ್ಟೆ ನೋವು, ನಿಲ್ಲದ ವಾಂತಿ, ಮೂತ್ರ ಬರದಿರುವುದು, ಒಂದೇ ಕಾಲು ಊದಿ ಮೀನಖಂಡ ನೋಯುವುದು, ಇವುಗಳಲ್ಲಿ ಯಾವುದಿದ್ದರೂ ಮುಂದಿನ ಭೇಟಿಯ ದಿನಕ್ಕೆ ಕಾಯಬೇಡಿ.

ತೆಗೆದ ಚೂರು, ಪಾಲಿಪ್, ಗಡ್ಡೆ ಏನೇ ಇರಲಿ, ಅದರ ಬಯಾಪ್ಸಿ ರಿಪೋರ್ಟ್ ಬರಲು ಕೆಲವು ದಿನ ಹಿಡಿಯುತ್ತದೆ. ಆರಾಮಾದ ಮೇಲೆ ಅದನ್ನು ತರಲು ಮರೆತುಬಿಡುತ್ತಾರೆ. ನೀವೇ ಹೋಗಿ ತನ್ನಿ, ಡಾಕ್ಟರಿಂದ ಓದಿಸಿಕೊಳ್ಳಿ, ಆಪರೇಷನ್ ವಿವರದ ಹಾಳೆಯ ಜೊತೆಗೆ ಫೈಲಿಗೆ ಸೇರಿಸಿ. ಮೊದಲ ಹಂತದ ನೋಟ್‌ಬುಕ್ ಇನ್ನೂ ಮೂರು ತಿಂಗಳು ನಡೆಯಲಿ, ಮುಂದಿನ ಭೇಟಿಯಲ್ಲಿ ಹಳೆಯ ಪುಟ ಹೊಸ ಪುಟ ಎರಡನ್ನೂ ತೆರೆದು ತೋರಿಸಿ.